ಸೋರುವ ಮಾಳಿಗೆಗೆ ಪತ್ರಾಸೊಂದೇ ಮದ್ದೇ?

ನಮ್ಮ ಅಮೀನಗಡದ ಸುತ್ತಿನ ಹಳ್ಳಿಗಳಲ್ಲಿ ಹಳೆ ಮನೆ ಸೋರಲು ಶುರುವಾಯಿತೆಂದರೆ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಕಿತ್ತು ಒಗದು ಪತ್ರಾಸ ಹಾಕ್ಸಿಬಿಡ್ರಿ." ಹೇಳುವವರು ಗೌಂಡಿ ಇರಬಹುದು, ಬೀಗರಿರಬಹುದು, ತಗಡಿನ ಅಂಗಡಿಯವರೇ ಇರಬಹುದು. ಎರಡು ದಿನದಲ್ಲಿ ಮಾಳಿಗೆ ಇಳಿಯುತ್ತದೆ, ಮೂರನೇ ದಿನ ತಗಡು ಏರುತ್ತದೆ. ಅಜ್ಜನ ಕಾಲದ ತೊಲೆ, ಜಂತಿಗಳು ಟ್ರ್ಯಾಕ್ಟರ್ ಹತ್ತಿ ಹೋಗುತ್ತವೆ. ಆ ಮಳೆಗಾಲವೇನೋ ನೆಮ್ಮದಿಯಿಂದ ಕಳೆಯುತ್ತದೆ. ಮುಂದಿನ ಏಪ್ರಿಲ್ ಬಂದಾಗ ಮಧ್ಯಾಹ್ನ ಮನೆಯೊಳಗೆ ಕೂರಲಾಗದೆ ಮಂದಿಯೆಲ್ಲ ಬೇವಿನ ಗಿಡದ ಬುಡ ಹುಡುಕುತ್ತಾರೆ. ಬಾಣಂತಿ, ಮುದುಕರು ಮಾತ್ರ ಒಳಗೇ ಬೇಯಬೇಕು.

ನಾನು ಪತ್ರಾಸಿನ ವೈರಿಯಲ್ಲ. ನಮ್ಮ ದನದಕ್ಕಿಯ ಮೇಲೆ ಇರುವುದು ಅದೇ. ಆದರೆ ಇಡೀ ಮನೆಗೆ ಒಂದೇ ಹೊದಿಕೆ, ಅದೂ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಅನ್ನುವ ಕಾರಣಕ್ಕೆ, ಎನ್ನುವುದು ಸಣ್ಣ ರೈತನಿಗೆ ದುಬಾರಿ ಲೆಕ್ಕ. ಮೊದಲು ಮಾಳಿಗೆಯ ಭಾರ ಇಳಿಸಿ, ಗೋಡೆ ಮತ್ತು ಕಟ್ಟಿಗೆ ನೋಡಿ, ಆಮೇಲೆ ಒಂದೊಂದು ಅಂಕಣಕ್ಕೆ ಯಾವ ಹೊದಿಕೆ ಅಂತ ನಿರ್ಧರಿಸಿ. ನನ್ನ ವಾದ ಇಷ್ಟೇ.

ಹೆಂಚಿನ ಸೀಮೆಯ ಓದುಗರಿಗಾಗಿ ಎರಡು ಮಾತು. ನಮ್ಮದು ಮಾಳಿಗೆ ಮನೆ; ಕೆಲವು ಕಡೆ ಮೇಲ್ಮುದ್ದೆ ಮನೆ ಅಂತಲೂ ಅನ್ನುತ್ತಾರೆ. ಮಣ್ಣಿನ ಕೆಸರಿನಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆ, ಒಳಗೆ ಕಟ್ಟಿಗೆಯ ಕಂಬ, ಕಂಬದ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಸಾಲು ಜಂತಿ. ಜಂತಿಯ ಮೇಲೆ ಹಲಗೆ, ಸೀಳು ಕಟ್ಟಿಗೆ ಅಥವಾ ಚಪ್ಪಡಿ ಕಲ್ಲು. ಅದರ ಮೇಲೆ ಬೇವಿನ ತಪ್ಪಲು, ಲಕ್ಕಿ ತಪ್ಪಲು ಹಾಸಿ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಪದರ. ಸುತ್ತ ಗಿಡ್ಡ ಕುಂಬಿ, ನೀರು ಹೊರಗೆ ಚೆಲ್ಲಲು ದೋಣಿ, ನಡುವೆ ಬೆಳಕಿಂಡಿ. ವರ್ಷಕ್ಕೆ 550–600 ಮಿ.ಮೀ. ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಇರುವ ಸೀಮೆಗೆ ಇದು ಹೇಳಿ ಮಾಡಿಸಿದ ಮಾಡು. ಹಗಲಿನ ಕಾವು ದಪ್ಪ ಮಣ್ಣಿನಲ್ಲೇ ನಿಂತು, ಒಳಗೆ ಇಳಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ಒಣಗಲು ಹಾಕಿದ ಮೆಣಸಿನಕಾಯಿ, ಜೋಳ, ಶೇಂಗಾಕ್ಕೆ ಅಂಗಳ ಬೇರೆ ಬೇಡ, ಮಾಳಿಗೆಯೇ ಅಂಗಳ.

ಹಾಗಾದರೆ ಸೋರುವುದು ಯಾಕೆ? ಮಣ್ಣಿಗಿಂತ ಹೆಚ್ಚಿನ ತಪ್ಪು ಆರೈಕೆಯದು. ಮೊದಲು ರೋಹಿಣಿ ಮಳೆಗೆ ಮುಂಚೆ ಓಣಿಯ ಮಂದಿಯೆಲ್ಲ ಮಾಳಿಗೆ ಹತ್ತುತ್ತಿದ್ದರು. ಹುಲ್ಲು ಕಿತ್ತು, ಇಲಿಬಿಲ ಮುಚ್ಚಿ, ಬಿರುಕಿಗೆ ಕರಲು ತುಂಬಿ, ಕೊಡತಿಯಿಂದ ಬಡಿದು ಇಳಿಯುತ್ತಿದ್ದರು. ಒಂದೆರಡು ದಿನದ ಕೆಲಸ. ಈಗ ಆ ಎರಡು ದಿನಕ್ಕೆ ಆಳು ಇಲ್ಲ, ಮನೆಯ ಹುಡುಗರು ಬೆಂಗಳೂರು, ಗೋವಾ ಸೇರಿದ್ದಾರೆ. ಮಳೆ ಬಂದು ಹಾಸಿಗೆ ಮೇಲೆ ಹನಿ ಬಿದ್ದಾಗ ಗಡಿಬಿಡಿಯಲ್ಲಿ ಒಂದು ಟ್ರೇಲರ್ ಮಣ್ಣು ತರಿಸಿ ಸೋರುವ ಜಾಗದ ಮೇಲೆ ಸುರಿಯುತ್ತೇವೆ. ಮರುವರ್ಷ ಪಕ್ಕದಲ್ಲಿ ಸೋರುತ್ತದೆ, ಅಲ್ಲಿಗೆ ಮತ್ತೊಂದು ಟ್ರೇಲರ್. ಹಳೆಯದನ್ನು ತೆಗೆಯುವವರು ಯಾರೂ ಇಲ್ಲ. ಮೇಲೆ ಮೇಲೆ ಹಾಕುವುದೇ ಕೆಲಸ.

ಇದರ ತೂಕ ಯಾರಾದರೂ ಲೆಕ್ಕ ಹಾಕಿದ್ದೀರಾ? ಒಂದು ಚದರ ಅಡಿಯ ಮೇಲೆ ಒಂದು ಇಂಚು ದಪ್ಪ ಗಟ್ಟಿಮಣ್ಣು ಸುಮಾರು 4 ಕಿಲೊ ತೂಗುತ್ತದೆ. 10 ಅಡಿಗೆ 20 ಅಡಿಯ ಪಡಸಾಲೆ ಅಂದರೆ 200 ಚದರ ಅಡಿ. ಒಂದೊಂದು ಇಂಚಿಗೆ 800 ಕಿಲೊ. ಮೂಲದಲ್ಲಿ 6 ಇಂಚು ಇದ್ದ ಮಣ್ಣು ಮೂರು ತಲೆಮಾರಿನ ತೇಪೆಯಲ್ಲಿ 14 ಇಂಚಾಗಿದ್ದರೆ, ಪಡಸಾಲೆಯಲ್ಲಿ ಮಲಗಿದವರ ಮೇಲೆ 11 ಟನ್ನಿಗೂ ಮಿಕ್ಕಿ ಭಾರ ನಿಂತಿದೆ. ಅದೂ ಒಣಗಿದ್ದಾಗ. ನಾಲ್ಕು ದಿನ ಜಡಿಮಳೆ ಹಿಡಿದು ಮಣ್ಣು ನೀರು ಕುಡಿದರೆ ಇನ್ನೂ ಒಂದೂವರೆ-ಎರಡು ಟನ್ ಸೇರುತ್ತದೆ. ಕೆಳಗೆ ಜಂತಿಯ ತುದಿ ಗೆದ್ದಲು ತಿಂದು ಹಿಟ್ಟಾಗಿದೆ, ಗೋಡೆಯ ಕೆಸರು ನೆನೆದಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದದ್ದನ್ನು ನಾವು ಮರೆತಿಲ್ಲ. ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯಲ್ಲಿ 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಆಯಿತು. ಹೊಳೆ ಒಳಗೆ ನುಗ್ಗಿದ ಮನೆಯ ಮಾತು ಬೇರೆ, ಅಲ್ಲಿ ಯಾವ ಮಾಡೂ ಕಾಯದು. ಆದರೆ ಹೊಳೆಯಿಂದ ದೂರ, ಬರೀ ಮಳೆಗೆ ಬಿದ್ದ ಮನೆಗಳಲ್ಲಿ ಮಣ್ಣಿನ ಭಾರ ಮತ್ತು ಕೊಳೆತ ಕಟ್ಟಿಗೆಯ ಪಾಲು ದೊಡ್ಡದು. ಆ ಹೆದರಿಕೆಯಿಂದಲೇ ಪತ್ರಾಸಿನ ಮಾತು ಇಷ್ಟು ಬಲವಾಯಿತು. ಹೆದರಿಕೆ ಸುಳ್ಳಲ್ಲ, ಮದ್ದು ಮಾತ್ರ ಅರ್ಧ ಸರಿ.

ಇನ್ನೊಂದು ಕಾರಣವೂ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ಯೆ ಕೊಡುವವರು "ಸ್ಲ್ಯಾಬಿನ ಮನಿ ಐತೇನ್ರಿ?" ಅಂತ ಕೇಳುತ್ತಾರೆ. ಮಣ್ಣಿನ ಮಾಳಿಗೆ ಅಂದರೆ ಬಡತನ ಅಂತ ಲೆಕ್ಕ. ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಆ ಸ್ಲ್ಯಾಬಿನ ಮನೆಯವರು ಮೇ ತಿಂಗಳಲ್ಲಿ ರಾತ್ರಿ ಎಲ್ಲಿ ಮಲಗುತ್ತಾರೆ ನೋಡಿ. ಮೇಲೆ, ಬಯಲಲ್ಲಿ.

ಈಗ ಕೆಲಸಕ್ಕೆ ಬರೋಣ. ಮೊದಲ ಹತಾರ ಯಾವುದು ಗೊತ್ತೇ? ಚೀಲ ಹೊಲಿಯುವ ದಬ್ಬಳ. ಮಾಳಿಗೆ ಬಿಚ್ಚುವ ಮೊದಲೇ ಏಣಿ ಹಾಕಿ, ಪ್ರತಿ ತೊಲೆ, ಜಂತಿಯ ಎರಡೂ ತುದಿಗೆ, ಗೋಡೆಯೊಳಗೆ ಹೋಗುವ ಜಾಗಕ್ಕೆ ದಬ್ಬಳ ಚುಚ್ಚಿ. ಗಟ್ಟಿ ಕಟ್ಟಿಗೆಯಲ್ಲಿ ಕಾಲಿಂಚೂ ಇಳಿಯದು. ಬೆಣ್ಣೆಯಂತೆ ಒಂದು ಇಂಚು ಇಳಿದರೆ ಆ ತುದಿ ಸತ್ತಿದೆ. ನಡುಭಾಗವನ್ನು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ, ಟಣ್ ಅಂದರೆ ಸರಿ, ಬುಸ್ ಅಂದರೆ ಒಳಗೆ ಟೊಳ್ಳು. ಸುಣ್ಣದ ಕಡ್ಡಿಯಲ್ಲಿ ಒಂದೊಂದಕ್ಕೂ ಗುರುತು ಹಾಕಿ. ಹೀಗೆ ಎಣಿಸಿದರೆ ಹತ್ತು ಜಂತಿಯಲ್ಲಿ ಕೆಟ್ಟದ್ದು ಎರಡೋ ಮೂರೋ ಅಂತ ಎಷ್ಟೋ ಮನೆಗಳಲ್ಲಿ ತಿಳಿಯುತ್ತದೆ. ಹತ್ತನ್ನೂ ಮಾರುವ ಮೊದಲು ಈ ಎಣಿಕೆ ಮಾಡಿ. ಅಂಥ ಹಳೆ ಸಾಗವಾನಿ, ಮತ್ತಿ ಮರ ಇವತ್ತು ಕೊಳ್ಳಲು ಹೋದರೆ ನಮ್ಮ ಕೈಗೆ ಎಟುಕುವುದಿಲ್ಲ. ಕೊಟ್ಟದ್ದು ಮಾತ್ರ ಸೌದೆಯ ದರಕ್ಕೆ.

ತುದಿ ಕೆಟ್ಟ ತೊಲೆಯನ್ನು ಎಸೆಯಬೇಕಿಲ್ಲ. ಗೋಡೆಗೆ ಒತ್ತಿ ಕೆಳಗೊಂದು ಕಂಬ ನಿಲ್ಲಿಸಿದರೆ ತೊಲೆಗೆ ಹೊಸ ತುದಿ ಸಿಕ್ಕಂತೆ. ಜಂತಿಯಾದರೆ ಪಕ್ಕಕ್ಕೆ ಇನ್ನೊಂದನ್ನು ಜೋಡಿಸಿ ಬೋಲ್ಟ್ ಹಾಕಬಹುದು. ಮತ್ತೆ ಗೋಡೆಯಲ್ಲಿ ಕೂರಿಸುವಾಗ ತುದಿಯ ಸುತ್ತ ಸಿಮೆಂಟ್ ತುಂಬಬೇಡಿ. ಕೆಳಗೊಂದು ಚಪ್ಪಟೆ ಕಲ್ಲು ಇಟ್ಟು, ಸುತ್ತ ಬೆರಳು ಹೋಗುವಷ್ಟು ಸಂದು ಬಿಡಿ. ಗಾಳಿಯಾಡಿದರೆ ಕಟ್ಟಿಗೆ ಬಾಳುತ್ತದೆ, ಸಿಮೆಂಟ್ ಬಿಗಿದರೆ ಪಸೆ ಒಳಗೇ ನಿಂತು ಕೊಳೆಯುತ್ತದೆ.

ಹೊಸ ಜಂತಿ ಬೇಕೇ ಬೇಕಾದರೆ ನಮ್ಮ ಹೊಲದ ಬದುವಿನ ಬೇವು ಸಾಕು. ಮರ ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ಒಮ್ಮೆ ಕೇಳಿಕೊಳ್ಳಿ. ಅಮಾವಾಸ್ಯೆಯ ಕಡೆಗೆ ಕಡಿದರೆ ಹುಳು ಹಿಡಿಯದು ಅಂತ ಬಡಿಗೇರರು ಹೇಳುತ್ತಾರೆ. ಇರಲಿ, ಅದರಿಂದ ನಷ್ಟವಿಲ್ಲ. ಆದರೆ ಹಸಿ ಬೇವನ್ನು ಹಾಗೇ ಏರಿಸಿದರೆ ಅಮಾವಾಸ್ಯೆಯೂ ಕಾಯದು. ತೊಗಟೆ ತೆಗೆದು ಹೊಂಡದ ನೀರಲ್ಲಿ ಎರಡು-ಮೂರು ತಿಂಗಳು ಮುಳುಗಿಸಿ, ಆಮೇಲೆ ನೆರಳಲ್ಲಿ ಒಣಗಿಸಿ. ಹುಳಕ್ಕೆ ರುಚಿಯಾದ ರಸವೆಲ್ಲ ನೀರಿಗೆ ಹೋಗುತ್ತದೆ. ಇನ್ನೂ ಭದ್ರ ಬೇಕಾದವರು ಬೊರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು ಬೆರೆಸಿ, 100 ಲೀಟರ್ ನೀರಿಗೆ ಈ ಮಿಶ್ರಣ 5 ಕಿಲೊ ಕರಗಿಸಿ, ಅದರಲ್ಲಿ ಕಟ್ಟಿಗೆ ನೆನೆಸಬಹುದು. ಈ ಔಷಧ ಮಳೆಗೆ ತೊಳೆದು ಹೋಗುತ್ತದೆ, ಹಾಗಾಗಿ ಮಾಡಿನ ಒಳಗಿನ ಕಟ್ಟಿಗೆಗೆ ಮಾತ್ರ ಸರಿ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವ ರೂಢಿಯಿದೆ. ಹಗೇವಿನ ಮುಚ್ಚಳಕ್ಕೆ, ಬೇಲಿಯ ಗೂಟಕ್ಕೆ ಬಳಿಯಿರಿ, ಮಲಗುವ ಮನೆಯ ಜಂತಿಗೆ ಬೇಡ. ವಾಸನೆಯೂ ಹೋಗದು, ಬೆಂಕಿಯ ಭಯವೂ ಹೋಗದು. ಮೊದಲು ಒಲೆಯ ಹೊಗೆಯೇ ಜಂತಿಗೆ ಕಾವಲಿತ್ತು. ಗ್ಯಾಸ್ ಬಂದ ಮೇಲೆ ಹೆಂಗಸರ ಕಣ್ಣು ಉಳಿಯಿತು, ಜಂತಿಯ ಕಾವಲು ಹೋಯಿತು. ಕಣ್ಣೇ ಮುಖ್ಯ ಬಿಡಿ, ಆದರೆ ಜಂತಿಗೆ ಬೇರೆ ಕಾವಲು ನಾವು ಕೊಡಬೇಕು.

ಗೋಡೆಯ ಪರೀಕ್ಷೆ ಇನ್ನೂ ಸುಲಭ. ಗೌಂಡಿಯ ತೂಕದ ಗುಂಡು ಮೇಲಿನಿಂದ ಇಳಿಬಿಡಿ. 10 ಅಡಿ ಎತ್ತರದ ಗೋಡೆ ಒಂದು ಇಂಚಿನ ಮೇಲೆ ಹೊಟ್ಟೆ ಬಿಟ್ಟಿದ್ದರೆ, ಇಲ್ಲವೇ ಮೂಲೆಯಲ್ಲಿ ಮೇಲಿಂದ ಕೆಳಗೆ ಸೀಳು ಬಂದಿದ್ದರೆ, ಮಾಡಿನ ಮಾತು ನಿಲ್ಲಿಸಿ ಗೋಡೆಯ ಕೆಲಸ ಮೊದಲು ಮಾಡಿ. ಇಲ್ಲೇ ಆರ್‌ಸಿಸಿ ಸ್ಲ್ಯಾಬಿನ ವಿಚಾರ ಹೇಳಿಬಿಡುತ್ತೇನೆ. 4 ಇಂಚಿನ ಸ್ಲ್ಯಾಬ್ ಚದರ ಅಡಿಗೆ 23–24 ಕಿಲೊ ತೂಗುತ್ತದೆ. 14 ಇಂಚಿನ ಹಳೆ ಮಣ್ಣಿಗೆ ಹೋಲಿಸಿದರೆ ಅರ್ಧವೂ ಆಗಲಿಲ್ಲ. "ಹಂಗಾರ ಸ್ಲ್ಯಾಬೇ ಹಗುರ ಅಲ್ರೀ?" ಅಂತ ಯಾರಾದರೂ ಕೇಳಬಹುದು. ತೂಕದಲ್ಲಿ ಹೌದು. ಆದರೆ ಮಾಳಿಗೆಯ ಭಾರ ಬಹುಪಾಲು ಕಂಬದ ಮೇಲೆ ನಿಲ್ಲುತ್ತಿತ್ತು, ಸ್ಲ್ಯಾಬಿನದು ಪೂರಾ ಗೋಡೆಯ ಮೇಲೆ. ಮಣ್ಣಿನ ಕೆಸರಿನ ಗೋಡೆ ಮಳೆಗಾಲದಲ್ಲಿ ಒಂದಿಷ್ಟು ಕೂರುತ್ತದೆ, ಬೇಸಿಗೆಯಲ್ಲಿ ಬಿಗಿಯುತ್ತದೆ. ಮಾಳಿಗೆ ಅದರ ಜೊತೆ ಬಾಗಿ ಹೊಂದಿಕೊಳ್ಳುತ್ತದೆ, ಸ್ಲ್ಯಾಬ್ ಹೊಂದಿಕೊಳ್ಳದೆ ಬಿರಿಯುತ್ತದೆ. ಗೋಡೆಯ ತಲೆಯ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟದೆ, ಗಟ್ಟಿಯಾದ ಗೋಡೆ ಇಲ್ಲದೆ, ಹಳೆ ಮನೆ ಮೇಲೆ ಸ್ಲ್ಯಾಬ್ ಹಾಕುವುದು ಸಾಲ ಮಾಡಿ ಅಪಾಯ ಕೊಂಡಂತೆ. ಗೋಡೆ ಹೊಸದಾಗಿ ಸಿಮೆಂಟಿನಲ್ಲಿ ಕಟ್ಟುವವರು ಸ್ಲ್ಯಾಬ್ ಹಾಕಲಿ, ಬೇಡ ಅನ್ನುವುದಿಲ್ಲ. ಎಂಜಿನಿಯರ್ ಒಬ್ಬರನ್ನು ಕೇಳಿ ಹಾಕಲಿ.

ಮಂಗಳೂರು ಹೆಂಚು? 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಅದು ದೇಶವೆಲ್ಲ ಹರಡಿತು, ಒಳ್ಳೆಯ ಸರಕು. ಚದರ ಅಡಿಗೆ 4 ಕಿಲೊ ಆಸುಪಾಸು ಭಾರ, ಅಂದರೆ ಒಂದೇ ಇಂಚು ಮಣ್ಣಿನಷ್ಟು. ಆದರೆ ಅದಕ್ಕೆ ಕಡಿದಾದ ಇಳಿಜಾರು ಬೇಕು, ನಮ್ಮ ಸಪಾಟು ಮನೆಗೆ ಮಧ್ಯದ ಗೋಡೆ ಎತ್ತರಿಸಿ ಹೊಸ ಕಟ್ಟಿಗೆ ಚೌಕಟ್ಟು ಕಟ್ಟಬೇಕು. ಕಾಳು ಒಣಗಿಸುವ ಮಾಳಿಗೆಯೂ ಹೋಗುತ್ತದೆ, ಕೋತಿ ಕಾಟ ಬೇರೆ. ಹೊಸ ಮನೆಗೆ ಯೋಚಿಸಬಹುದು, ಹಳೆ ಮಾಳಿಗೆಗೆ ಬದಲಿಯಾಗಿ ನನಗೆ ಒಪ್ಪಿಗೆಯಿಲ್ಲ.

ಸಿಮೆಂಟ್ ಶೀಟು ಅಂತ ಮಾರುವ ಅಸ್ಬೆಸ್ಟಾಸ್ ಹಾಳೆಯ ವಿಷಯ ಒಂದೇ ಮಾತು: ಬೇಡ. ಅದರ ನಾರಿನ ಧೂಳು ಪುಪ್ಪುಸಕ್ಕೆ ಹೋದರೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಈಗಾಗಲೇ ಮನೆಯ ಮೇಲೆ ಇದ್ದರೆ ಒಣಗಿದ್ದಾಗ ಕೊರೆಯಬೇಡಿ, ಗರಗಸ ಹಾಕಬೇಡಿ. ತೆಗೆಯಲೇಬೇಕಾದರೆ ನೀರು ಹೊಡೆದು ಇಡೀ ಹಾಳೆ ಇಳಿಸಿ.

ಉಳಿದದ್ದು ಮೂರು: ಮಣ್ಣು, ಕಲ್ಲು, ತಗಡು. ಒಂದೇ ಮನೆಯಲ್ಲಿ ಮೂರಕ್ಕೂ ಜಾಗವಿದೆ ಅನ್ನುವುದು ನನ್ನ ಅನುಭವ.

ಮಲಗುವ, ಕೂಡುವ, ಕಾಳು ಇಡುವ ಅಂಕಣಗಳಿಗೆ ಮಣ್ಣೇ ಇರಲಿ, ಆದರೆ ತೂಕ ಹಾಕಿದ ಮಣ್ಣು. ಹಳೆಯದನ್ನೆಲ್ಲ ತೆಗೆದು ಒಟ್ಟು 6 ಇಂಚು ಮೀರದಂತೆ ಹೊಸದಾಗಿ ಹಾಕಿ. ಹಲಗೆ ಕೆಟ್ಟಿದ್ದರೆ ಅದರ ಜಾಗದಲ್ಲಿ ಚಪ್ಪಡಿ ಕಲ್ಲು ಹಾಸಬಹುದು. ನಮ್ಮ ಸೀಮೆಗೆ ಕಲ್ಲಿನ ಬರವಿಲ್ಲ. ಬಾದಾಮಿಯ ಕಡೆ ಮರಳುಗಲ್ಲು, ಇಳಕಲ್ಲಿನಲ್ಲಿ ಕೆಂಪು ಗ್ರಾನೈಟು, ಪೇಟೆಯಲ್ಲಿ ಶಹಾಬಾದ ಪರಸಿ. ಗ್ರಾನೈಟು ಮಾಡಿಗೆ ಸುಮ್ಮನೆ ಭಾರ, ದುಡ್ಡೂ ಜಾಸ್ತಿ. ಒಂದೂವರೆಯಿಂದ ಎರಡು ಇಂಚಿನ ಪರಸಿ ಅಥವಾ ಮರಳುಗಲ್ಲಿನ ಚಪ್ಪಡಿ ಸಾಕು. ಎರಡು ಇಂಚಿನದು ಚದರ ಅಡಿಗೆ 11 ಕಿಲೊ ಆಸುಪಾಸು ತೂಗುತ್ತದೆ. ಹಾಗಾಗಿ ಚಪ್ಪಡಿ ಹಾಕಿದಲ್ಲಿ ಮೇಲಿನ ಮಣ್ಣು 4 ಇಂಚಿಗೆ ನಿಲ್ಲಿಸಿ. ಜಂತಿಗಳ ನಡುವೆ ಎರಡು ಅಡಿ ಮೀರಬಾರದು. ಜಂತಿ ಸಾಲದಿದ್ದರೆ ಕಬ್ಬಿಣದ ಗರ್ಡರ್ ಸೇರಿಸಿಕೊಳ್ಳಿ.

ಚಪ್ಪಡಿ ಆರಿಸುವಾಗ ಅವಸರ ಬೇಡ. ಒಂದು ತುದಿ ಎತ್ತಿ ಹಿಡಿದು ಸಣ್ಣ ಸುತ್ತಿಗೆಯಿಂದ ತಟ್ಟಿ, ಗಂಟೆಯಂತೆ ದನಿ ಬರಬೇಕು. ಸಂಶಯ ಬಂದರೆ ಮೇಲೆ ನೀರು ಸುರಿದು ಹತ್ತು ನಿಮಿಷ ಕಾಯಿರಿ. ಮೈ ಎಲ್ಲ ಒಣಗಿದ ಮೇಲೂ ಕೂದಲಿನಂಥ ಕಪ್ಪು ಗೆರೆ ಉಳಿದರೆ ಅಲ್ಲಿ ಸೀಳಿದೆ. ಆ ಕಲ್ಲು ಅಂಗಳಕ್ಕೆ ಸರಿ, ತಲೆಯ ಮೇಲೆ ಬೇಡ. ಕೂಡಿಸುವ ಸಂದು ಜಂತಿಯ ನಡುಮಧ್ಯಕ್ಕೇ ಬರಬೇಕು, ಎರಡು ಕಡೆಯ ಕಲ್ಲಿಗೂ ಅರ್ಧರ್ಧ ಕೂರಲು ಜಾಗ ಸಿಗಬೇಕು.

ಸಂದಿನ ವಿಷಯದಲ್ಲಿ ನಮಗೆ ಹತ್ತಿರದಲ್ಲೇ ಹಳೇ ಗುರುಗಳಿದ್ದಾರೆ. ನಮ್ಮದೇ ಹುನಗುಂದ ತಾಲೂಕಿನ ಐಹೊಳೆಗೆ ಹೋದರೆ ಲಾಡಖಾನ ಗುಡಿಯ ಮಾಡನ್ನು ತಲೆಯೆತ್ತಿ ನೋಡಿ. ಪ್ರವಾಸಿಗರು ಕಂಬದ ಕೆತ್ತನೆ ನೋಡಿ ಹೋಗುತ್ತಾರೆ, ರೈತ ಮಾಡು ನೋಡಬೇಕು. ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳು, ಎರಡು ಚಪ್ಪಡಿ ಕೂಡುವ ಪ್ರತಿ ಸಂದಿನ ಮೇಲೆ ಮರದ ತುಂಡಿನಂತೆ ಕಾಣುವ ಉದ್ದನೆಯ ಕಲ್ಲಿನ ಪಟ್ಟಿ. ಮರದ ಮಾಡು ಕಟ್ಟುತ್ತಿದ್ದ ರೂಢಿಯನ್ನೇ ಕಲ್ಲಿನಲ್ಲಿ ತಂದದ್ದು ಅಂತ ಬಲ್ಲವರು ಹೇಳುತ್ತಾರೆ. ಚಾಲುಕ್ಯರ ಕಾಲದ ಕಲ್ಲುಕುಟಿಗರಿಗೆ ಸಿಮೆಂಟಿನ ಗೊತ್ತೇ ಇರಲಿಲ್ಲ. ಸಂದಿಗೆ ಏನು ತುಂಬುವುದು ಅನ್ನುವುದಕ್ಕಿಂತ ಸಂದಿನ ಮೇಲೆ ಏನು ಮುಚ್ಚುವುದು ಅನ್ನುವುದೇ ದೊಡ್ಡದು. ನಾವು ಸಂದಿಗೆ ಸುಣ್ಣ-ಮರಳಿನ ಗಾರೆ ತುಂಬಿ, ಅದರ ಮೇಲೆ ಚಪ್ಪಡಿಯ ಸೀಳು ತುಂಡೊಂದನ್ನು ಕೂರಿಸಿದರೂ ಅದೇ ಕೆಲಸವಾಗುತ್ತದೆ. ಚಪ್ಪಡಿಯಂಗಡಿಯಲ್ಲಿ ಅಂಥ ತುಂಡುಗಳು ತಿಪ್ಪೆಯಾಗಿ ಬಿದ್ದಿರುತ್ತವೆ.

ಚಪ್ಪಡಿಯ ಮೇಲೆ ತಪ್ಪಲು, ಅದರ ಮೇಲೆ ಎರಡು ಇಂಚು ಮಸಾರಿ ಮಣ್ಣು ಹಾಸಿ ಬಡಿಯಿರಿ. ಎರೆಮಣ್ಣು ಮಾತ್ರ ಬೇಡ. ಹೊಲದಲ್ಲಿ ಅದು ಬೇಸಿಗೆಗೆ ಹೇಗೆ ಬಾಯಿ ಬಿಡುತ್ತದೆಯೋ ಮಾಳಿಗೆಯ ಮೇಲೂ ಹಾಗೇ. ಈಗ ನಮ್ಮ ಕಾಲದ ಒಂದು ಅನುಕೂಲ ಬಳಸಿಕೊಳ್ಳಬಹುದು. ಕೃಷಿಹೊಂಡಕ್ಕೆ ಹಾಸುವ 500 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಬಹಳ ರೈತರಿಗೆ ಪರಿಚಯವಿದೆ. ಅದನ್ನು ಈ ಎರಡು ಇಂಚಿನ ಮೇಲೆ ಹಾಸಿ, ಅಂಚನ್ನು ಕುಂಬಿಗೆ ಮಡಿಸಿ ಹತ್ತಿಸಿ, ದೋಣಿಯ ಕಡೆ ಹೊರಗೆ ಚಾಚಿ. ಮೇಲೆ ಎರಡು ಇಂಚು ಕರಲು ಮಣ್ಣು. ಬಿಸಿಲು ತಾಗದಿದ್ದರೆ ಹಾಳೆ ವರ್ಷಾನುಗಟ್ಟಲೆ ಇರುತ್ತದೆ, ಬಯಲಿಗೆ ಬಿದ್ದರೆ ಬೇಗ ಪುಡಿಯಾಗುತ್ತದೆ. ಇಳಿಜಾರು ಐದು ಅಡಿಗೆ ಒಂದೂವರೆ ಇಂಚು ಇಡಿ. ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಮಣ್ಣು ಕೊಚ್ಚಿ ಹೋಗುತ್ತದೆ. ಕಣ್ಣಂದಾಜು ನಂಬಬೇಡಿ, ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿಯಲ್ಲಿ ಹಿಡಿದು ಮಟ್ಟ ನೋಡಿ.

ಕರಲು ಮಣ್ಣಿನ ಗುಟ್ಟು ರೈತನಿಗೆ ಗೊತ್ತಿರಬೇಕಾದದ್ದು. ಸವಳು, ಚೌಳು ಅಂತ ಬೇರೆ ಬೇರೆ ಕಡೆ ಕರೆಯುವ ಈ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದ ಕೂಡಲೆ ಅದರ ಜೇಡಿಯ ಕಣಗಳು ಒಂದಕ್ಕೊಂದು ಬಿಟ್ಟು, ಸಣ್ಣ ಸಣ್ಣ ರಂಧ್ರಗಳಲ್ಲಿ ಹೋಗಿ ಕೂತು ಬಾಯಿ ಮುಚ್ಚುತ್ತವೆ. ಕೆಳಗೆ ನೀರು ಇಳಿಯುವುದಿಲ್ಲ. ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟಿನಲ್ಲಿ ಎಷ್ಟೋ ಹೊಲಗಳನ್ನು ಬಂಜರು ಮಾಡಿದ್ದು ಇದೇ ಗುಣ. ಹೊಲದಲ್ಲಿ ಶಾಪ, ಮಾಳಿಗೆಯಲ್ಲಿ ವರ. ತಂದ ಮಣ್ಣು ನಿಜವಾದ ಕರಲೋ ಅಲ್ಲವೋ ತಿಳಿಯಲು ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು ಒಂದು ಒಣ ಹೆಂಟೆ ಬಿಡಿ. ಅಲುಗಿಸಬೇಡಿ. ಕರಲಾಗಿದ್ದರೆ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹಬ್ಬಿ, ಮರುದಿನವೂ ತಿಳಿಯಾಗದು. ಬರೀ ಪುಡಿಯಾಗಿ ತಳಕ್ಕೆ ಕೂತು ನೀರು ತಿಳಿಯಾಗಿ ಉಳಿದರೆ ಅದು ಮಾಳಿಗೆಗೆ ಬಾರದು. ಗಡಸು ಬೋರಿನ ನೀರಲ್ಲಿ ಈ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ. ಮತ್ತೆ, ಹೊಲದ ಸವಳು ಬಿಡಿಸಲು ಜಿಪ್ಸಂ ಹಾಕುತ್ತೇವಲ್ಲ, ಅದೇ ಕಾರಣಕ್ಕೆ ಮಾಳಿಗೆಯ ಮಣ್ಣಿಗೆ ಜಿಪ್ಸಂ ಸೇರಲೇಬಾರದು.

ತಗಡಿನ ಜಾಗ ದನದಕ್ಕಿ, ಕಣಿಕೆ ಇಡುವ ಚಪ್ಪರ, ಬಚ್ಚಲು, ಗೋಡೆ ಸೋತ ಅಂಕಣ. ಚದರ ಅಡಿಗೆ ಅರ್ಧ ಕಿಲೊ ಸುಮಾರು, ಸೋತ ಗೋಡೆಯೂ ಹೊರುತ್ತದೆ. ಕೊಳ್ಳುವಾಗ ಗೇಜು-ಗೀಜು ಕೇಳದೆ ದಪ್ಪ ಎಷ್ಟು ಮಿ.ಮೀ. ಅಂತ ಕೇಳಿ. ಅರ್ಧ ಮಿ.ಮೀ. ಇರಲಿ, ತೆಳುವಾದದ್ದು ಅಗ್ಗ, ಆದರೆ ಮೇಲೆ ಹತ್ತಿದರೆ ತಗ್ಗು ಬೀಳುತ್ತದೆ. ಸತುವಿನ ಲೇಪ ಚದರ ಮೀಟರಿಗೆ 120 ಗ್ರಾಂನದೂ ಇದೆ, 275 ಗ್ರಾಂನದೂ ಇದೆ. ಹೊರಗಿನಿಂದ ನೋಡಲು ಎರಡೂ ಒಂದೇ. ದನದ ಗಂಜಲದ ಹಬೆ ಸತುವನ್ನು ತಿನ್ನುತ್ತದೆ, ಅಲ್ಲಿಗೆ ದಪ್ಪ ಲೇಪವೇ ಬೇಕು. ಸ್ಕ್ರೂ ಅಲೆಯ ದಿಬ್ಬದ ಮೇಲೆ ಬರಬೇಕು, ತಗ್ಗಿನಲ್ಲಿ ಹಾಕಿದರೆ ನೀರು ಅಲ್ಲೇ ಇಳಿಯುತ್ತದೆ. ರಬ್ಬರ್ ವಾಷರ್ ಬಿಗಿಯಾಗಲಿ, ಚಪ್ಪಟೆಯಾಗಿ ಒಡೆಯದಿರಲಿ. ಮೇ ತಿಂಗಳ ಅಡ್ಡಮಳೆಯ ಗಾಳಿ ನಮ್ಮ ಕಡೆ ತಗಡನ್ನು ಚೌಕಟ್ಟಿನ ಸಮೇತ ಎತ್ತುತ್ತದೆ. ಮೇಲೆ ಕಲ್ಲು ಹೇರಿದರೆ ಆಗಲಿಲ್ಲ, ಹಾರಿದ ತಗಡಿನ ಜೊತೆ ಕಲ್ಲೂ ಬೀಳುತ್ತದೆ. ಕಬ್ಬಿಣದ ಪಟ್ಟಿಯನ್ನು ಗೋಡೆಯೊಳಗೆ ಎರಡು ಅಡಿ ಇಳಿಸಿ ಚೌಕಟ್ಟಿಗೆ ಬಿಗಿಯಬೇಕು. ಮನುಷ್ಯರು ಮಲಗುವಲ್ಲಿ ತಗಡು ಹಾಕುವುದು ಅನಿವಾರ್ಯವಾದರೆ ಮೇಲೆ ಸುಣ್ಣ ಬಳಿದು, ಕೆಳಗೆ ಒಂದು ಅಡಿ ಸಂದು ಬಿಟ್ಟು ಬಿದಿರ ತಟ್ಟಿ ಕಟ್ಟಿ, ಆ ಸಂದಿನ ಎರಡು ತುದಿ ಗಾಳಿಗೆ ತೆರೆದಿಡಿ. ಕಾವು ಪೂರ್ತಿ ಹೋಗದು, ಕೂರುವಷ್ಟಾದರೂ ಆಗುತ್ತದೆ.

ಮಾಳಿಗೆ ಇಳಿಸುವ ದಿನದ ಎಚ್ಚರಿಕೆ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಒಂದು ಕಡೆಯಿಂದ ಶುರುಮಾಡಿ ಪೂರಾ ಖಾಲಿ ಮಾಡುತ್ತಾ ಹೋದರೆ ಭಾರ ಒಂದೇ ಮಗ್ಗುಲಿಗೆ ಉಳಿದು ತೊಲೆ ಹೊರಳಬಹುದು. ನಡುವಿನಿಂದ ಎರಡೂ ಕಡೆಗೆ ಸಮನಾಗಿ, ಪದರ ಪದರವಾಗಿ ತೆಗೆಯಿರಿ. ಅದಕ್ಕೂ ಮುಂಚೆ ದಬ್ಬಳ ಇಳಿದ ಪ್ರತಿ ಜಂತಿಯ ಕೆಳಗೆ ಆಸರೆ ಕಂಬ ಕೊಡಿ. ತೊಲೆ ಬಾಗಿದ್ದರೆ ಟ್ರೇಲರಿನ ಜಾಕ್ ಸಾಕು. ಜಾಕಿನ ಕೆಳಗೂ ಮೇಲೂ ದಪ್ಪ ಹಲಗೆ ತುಂಡು ಇಟ್ಟು, ದಿನಕ್ಕೆ ಕಾಲಿಂಚಿನಂತೆ ಎತ್ತಿ. ಒಂದೇ ದಿನ ಎತ್ತಿದರೆ ಗೋಡೆ ಬಿರಿಯುತ್ತದೆ. ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಏಣಿ ಇಳಿಯುವ ಬದಲು ಹಳೆ ತಗಡನ್ನು ದೋಣಿಯಂತೆ ಬಗ್ಗಿಸಿ ಜಾರುಬಂಡೆ ಮಾಡಿ. ಕೆಳಗೆ ಬಿದ್ದದ್ದನ್ನು ಗೋಡೆಗೆ ಒತ್ತಿ ಗುಡ್ಡೆ ಹಾಕಬೇಡಿ. ಹಾರೆ, ಗುದ್ದಲಿ ಜೋರಾಗಿ ಹಾಕುವ ಜಾಗವಲ್ಲ ಅದು, ಸಲಿಕೆ ಸಾಕು. ಬಾಯಿಗೆ ಬಟ್ಟೆ, ಕೈಗೆ ಚೀಲ, ಕಾಲಿಗೆ ಬೂಟು. ತಪ್ಪಲಿನ ಪದರದಲ್ಲಿ ಚೇಳು ಇದ್ದೇ ಇರುತ್ತದೆ, ಹಾವೂ ಇರಬಹುದು. ಜಾಕ್, ಆಸರೆ ಕಂಬ, ಕೊಡತಿ, ಮಟ್ಟದ ಪೈಪು, ತಗಡು ಬಿಗಿಯುವ ಮಷಿನ್ನು ಒಬ್ಬೊಬ್ಬರು ಕೊಳ್ಳುವ ಸಾಮಾನಲ್ಲ. ಬಿತ್ತನೆ ಕೂರಿಗೆ ಹಂಚಿಕೊಂಡ ಹಾಗೆ ಓಣಿಗೊಂದು ಸೆಟ್ಟು ಇದ್ದರೆ ವರ್ಷಕ್ಕೆ ನಾಲ್ಕು ಮಾಳಿಗೆ ಸುಧಾರಿಸಬಹುದು.

ಹೊತ್ತು ನೋಡಿಕೊಳ್ಳಿ. ಯುಗಾದಿ ಮುಗಿದ ವಾರ ಬಿಚ್ಚಿದರೆ ರೋಹಿಣಿಗೆ, ಅಂದರೆ ಮೇ 25ರ ಹೊತ್ತಿಗೆ ಕರಲು ಬಡಿದು ಮುಗಿಸಬಹುದು. ಎಲ್ಲ ಅಂಕಣ ಒಂದೇ ವರ್ಷ ಬೇಡ. ಎರಡು ಅಂಕಣ ಮಾಡಿ ಒಂದು ಮಳೆಗಾಲ ನೋಡಿ, ಮುಂದಿನ ವರ್ಷ ಉಳಿದದ್ದು. ಸಾಲವೂ ಬೇಡ, ಮನೆ ಬಿಟ್ಟು ಹೊರಗೆ ಇರುವುದೂ ಬೇಡ.

ಇನ್ನು ಇಳಿಸಿದ ಮಣ್ಣು. "ಹಳೆ ಮಾಳಗಿ ಮಣ್ಣು, ಹೊಲಕ್ಕ ಒಳ್ಳೆ ಗೊಬ್ಬರ" ಅಂತ ಟ್ರ್ಯಾಕ್ಟರಿನವರು ಕೇಳಿಕೊಂಡು ಬರುತ್ತಾರೆ. ತಳದಲ್ಲಿ ತಪ್ಪಲು ಕೊಳೆತ, ಹೊಗೆ ಕುಡಿದ ಪದರವನ್ನು ಬೇಕಾದರೆ ತಿಪ್ಪೆಗೆ ಹಾಕಿ. ಮೇಲಿನ ಕರಲನ್ನು ಮಾತ್ರ ಹೊಲಕ್ಕೆ ಬಿಡಬೇಡಿ. ನೀರು ಇಳಿಯದ ಗುಣ ಅಲ್ಲೂ ತನ್ನ ಕೆಲಸ ಮಾಡುತ್ತದೆ. ಅದನ್ನು ಬೇರೆ ತೆಗೆದು, ಬೇರು ಕಸ ಸೋಸಿ, ಹಿತ್ತಲಿನ ಮೂಲೆಯಲ್ಲಿ ತಗಡು ಮುಚ್ಚಿ ಇಡಿ. ಹೊಸ ಮಾಳಿಗೆಗೆ ಅದೇ ಬರುತ್ತದೆ.